ರೊಟ್ಟಿ ಬಡಿಯದ ಮನಿ

ಶಹಾಪುರದಿಂದ ಯಾದಗಿರಿಗೆ ವರ್ಗ ಆದಾಗ ನನಗ ಖುಷಿ ಆಗಿತ್ತು. ಸುಳ್ಳು ಯಾಕ ಹೇಳಲಿ. ದವಾಖಾನಿ ಲ್ಯಾಬಿನ್ಯಾಗ ರಕ್ತ ಪರೀಕ್ಷೆ ಮಾಡೋ ನೌಕರಿ ನಂದು. ಶಹಾಪುರದಾಗ ನಾವು ಬಾಡಿಗಿ ಇದ್ದ ಓಣಿ ಎಷ್ಟು ಇಕ್ಕಟ್ಟು ಅಂದ್ರ, ಎದುರು ಮನ್ಯಾಗ ಒಗ್ಗರಣಿ ಹಾಕಿದ್ರ ನಮ್ಮ ಮನ್ಯಾಗ ಸೀನು ಬರ್ತಿತ್ತು. ಜಿಲ್ಲಾ ಊರಿಗೆ ಹೊಂಟೀವಿ, ಈ ಸಲನಾದ್ರೂ ಗಾಳಿ ಬೆಳಕು ಇರೋ ಕಡಿ, ನಾಕು ಮಂದಿ ನೌಕರಿಯವರು ಇರೋ ಕಾಲೋನ್ಯಾಗ ಮನಿ ಮಾಡ್ಬೇಕು ಅಂತ ಆರ್ಡರ್ ಕೈಗೆ ಬಂದ ದಿನಾನೇ ಮನಸಿನ್ಯಾಗ ಗಂಟು ಹಾಕ್ಕೊಂಡೆ.

ಮನ್ಯಾಗ ಇರೋರು ನಾವಿಬ್ಬರೇ, ನಾನು ಮತ್ತ ನಮ್ಮ ಅತ್ತಿ. ನನ್ನ ಗಂಡ ಲಾರಿ ಮ್ಯಾಲ ಇರ್ತಾನ. ಯಾವಾಗರೆ ಬರ್ತಾನ, ಮೈಮರೆತು ಮಲಗ್ತಾನ, ಒಗೆದ ಅರಿವಿ ತಗೊಂಡು ಹೋಗ್ತಾನ. ಮಕ್ಕಳಾಗಿಲ್ಲ, ಅದರ ಸುದ್ದಿ ಇಲ್ಲಿ ಬ್ಯಾಡ. ಹಿಂಗಾಗಿ ಮನಿ ಅಂದ್ರ ಅತ್ತಿ, ಅತ್ತಿ ಅಂದ್ರ ಮನಿ. ನಾವಿಬ್ಬರು ಜಗಳಾಡಿದ್ರೂ ನಾವೇ, ಕೂಡಿ ನಕ್ಕರೂ ನಾವೇ.

ಅತ್ತಿ ಸುರಪುರ ಕಡಿ ದೇವಾಪುರದಾಕಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮುಂಜಾನಿ ಎದ್ದು, ಎಸರು ಕುದಿಸಿ, ಜೋಳದ ಹಿಟ್ಟು ನಾದಿ, ಕಟಗಿ ಹಲಗಿ ಮ್ಯಾಲ ಉಂಡಿ ಇಟ್ಟು ಬಡಿಯಾಕ ಶುರು ಮಾಡಿದ್ಲು ಅಂದ್ರ ಅರ್ಧ ಓಣಿ ಎಚ್ಚರ ಆಗ್ತಿತ್ತು. ಥಪ್, ಥಪ್, ಥಪ್, ಒಂದು ತಿರುವು, ಮತ್ತ ಥಪ್. ನಡುವ ನಿಲ್ಲಂಗಿಲ್ಲ. ಆಕಿ ರೊಟ್ಟಿ ಹಾಳಿಯಂಗ ತೆಳ್ಳಗ, ಹಂಚಿನ ಮ್ಯಾಲ ಹಾಕಿದ ಕೂಡ್ಲೆ ಪುರಿಯಂಗ ಉಬ್ಬತಿದ್ದವು. ಓಣ್ಯಾಗ ಯಾರದರೆ ಮನ್ಯಾಗ ಸಾವಾಗಿ ಒಲಿ ಹತ್ತಲಿಲ್ಲ ಅಂದ್ರ, ಬಾಣಂತಿ ಬಂದಾಳ ಅಂದ್ರ, ಮೊದಲ ಹೇಳಿ ಕಳಸ್ತಿದ್ದದ್ದು ಇಕಿಗೇ. ಇಕಿ ಸೆರಗು ಟೊಂಕಕ್ಕ ಸಿಗಿಸಿ ಹೋಗಿ ಒಂದು ಬುಟ್ಟಿ ರೊಟ್ಟಿ ಬಡಿದು ಇಟ್ಟು, ಚಹಾನೂ ಕುಡೀದೆ ಬರ್ತಿದ್ಲು. ಓಣಿ ಮಂದಿ ನನ್ನ ಗುರ್ತು ಹಿಡೀತಿದ್ದದ್ದು "ರೊಟ್ಟಿ ಅಮ್ಮನ ಸೊಸಿ" ಅಂತ. ನಾ ಓದಿದಾಕಿ, ಸರಕಾರಿ ನೌಕರಿ ಮಾಡಾಕಿ, ನನಗ ಆ ಹೆಸರು ಅಷ್ಟು ಸೇರ್ತಿರಲಿಲ್ಲ.

ಮನಿ ನೋಡಾಕ ಮೊದಲನೇ ಸಲ ಇಬ್ಬರೂ ಕೂಡೇ ಹೋದ್ವಿ. ಭೀಮಾ ಹೊಳಿ ಸೇತುವಿ ಮ್ಯಾಲ ಬಸ್ ಬಂದಾಗ ಅತ್ತಿ ಕಿಟಕ್ಯಾಗಿಂದ ನೀರು ನೋಡಿ, "ನಮ್ಮ ಕೃಷ್ಣಿ ಮುಂದ ಇದು ಹಳ್ಳ ಬಿಡು" ಅಂದ್ಲು. ಬಾಜೂಕ ಕುಂತ ಯಾದಗಿರಿ ಅಜ್ಜ ಮಾರಿ ಗಂಟು ಹಾಕ್ಕೊಂಡ.

ಮೊದಲು ನೋಡಿದ್ದು ಕ್ವಾಟಿ ಗುಡ್ಡದ ಕೆಳಗ ಹಳೇ ಊರಾಗಿನ ಮನಿ. ನೆಲದ ಮ್ಯಾಲಿನ ಮನಿ, ಮುಂದ ಫರಸಿ ಹಾಸಿದ ಅಂಗಳ, ಅಂಗಳದ ಮೂಲ್ಯಾಗ ಮಣ್ಣಿನ ಒಲಿ. ಅತ್ತಿ ಒಳಗ ಹೋಗೋದ್ರೊಳಗ ಬಾಜೂ ಮನ್ಯಾಕಿ ತಂಬಿಗಿ ನೀರು ತಂದು ಕೊಟ್ಟು, "ಯಾವಾಗ ಬರ್ತೀರಿ?" ಅಂತ ಕೇಳಿಬಿಟ್ಲು. ಅತ್ತಿ ಕಟ್ಟಿ ಮ್ಯಾಲ ಕುಂತು ನೀರು ಕುಡಿದು, ಆಕಿ ತವರು ಯಾವುದು, ಮಕ್ಕಳೆಷ್ಟು, ಎಲ್ಲಾ ಕೇಳಿ ಮುಗಿಸಿದ್ಲು. ನಾ ಮಾತ್ರ ಮನಿ ಮುಂದಿನ ಗಟಾರ ನೋಡಾಕತ್ತಿದ್ದೆ. ಅದರಾಗ ಹಂದಿ ಮಲಗಿತ್ತು. ಆಟೋ ಓಣಿ ಬಾಯಿಗೇ ನಿಲ್ತಿತ್ತು. ನಳ ದಿನಾ ಬರಂಗಿಲ್ಲ ಅಂದ್ರು. ದವಾಖಾನಿ ದೂರ. "ನೋಡೋಣ್ರಿ, ಹೇಳಿ ಕಳಸ್ತೀವಿ" ಅಂದೆ. ಹಂಗಂದ್ರ ಒಲ್ಲೆ ಅಂತ ಅತ್ತಿಗೆ ಗೊತ್ತಾಗಲಿಲ್ಲೋ, ಗೊತ್ತಾಗಿ ಸುಮ್ಮನಾದ್ಲೋ, ತಿಳೀಲಿಲ್ಲ.

ಅಲ್ಲಿಂದ ಹೊಸಾ ಲೇಔಟಿಗೆ ಹೋದ್ವಿ. ಮ್ಯಾಲಿನ ಮನಿ, ಟೈಲ್ಸ್ ಕನ್ನಡಿಯಂಗ ಹೊಳೀತಿದ್ದವು. ನನ್ನ ಕಣ್ಣು ಅಲ್ಲೇ ನೆಟ್ಟವು. ಮನಿ ಮಾಲಕ ರಿಟೈರ್ ಆದ ಮನುಷ್ಯ, ನಮ್ಮನ್ನ ತಲಿಯಿಂದ ಕಾಲತನಕ ನೋಡಿ ಕೇಳಿದ್ದು ಒಂದೇ ಮಾತು. "ರೊಟ್ಟಿ ಬಡೀತೀರೇನು?"

"ಮತ್ತ? ರೊಟ್ಟಿ ಬಡೀದೆ ಏನ್ ಮಾಡ್ತಾರ್ರಿ?" ಅಂದ್ಲು ಅತ್ತಿ.

"ಹಂಗಾದ್ರ ಕೊಡಂಗಿಲ್ರಿ. ಮುಂಜಾನಿ ಮುಂಜಾನಿ ತಲಿ ಮ್ಯಾಲ ಬಡಿದಂಗ ಆಗ್ತದ. ಸ್ಲ್ಯಾಬ್ ಬಿರಕು ಬಿಡ್ತದ."

ಅತ್ತಿ ಮೆಟ್ಟಲಾ ಇಳೀತಾ, ಆತಗ ಕೇಳೂ ಹಂಗ, "ಇಲ್ಲಿ ಮಂದಿ ಏನು ಕಾಗದ ತಿಂತಾರೋ ಏನೋ ನಮ್ಮವ್ವ" ಅಂದ್ಲು. ನಾ ನಾಚಿಕೀಲೆ ಮುದ್ದಿಯಾದೆ. ಆತನ ಮ್ಯಾಲ ಸಿಟ್ಟು ಬರಬೇಕಾಗಿತ್ತು ನನಗ. ಬಂದದ್ದು ಅತ್ತಿ ಮ್ಯಾಲ. ಬಸ್ಸಿನ್ಯಾಗ ಶಹಾಪುರ ಮುಟ್ಟೋತನಕ ಆಕಿ ಕೂಡ ಮಾತಾಡಲಿಲ್ಲ. ಆಕಿ ಪಾಪ, ಚುರಮುರಿ ತಗೊಂಡು ಅರ್ಧ ನನ್ನ ಉಡ್ಯಾಗ ಹಾಕಿದ್ಲು.

ಎರಡನೇ ಸಲ ನಾ ಒಬ್ಬಾಕೆ ಹೋದೆ. "ನೀ ಬರಬ್ಯಾಡ, ಬಿಸಲಾಗ ಯಾಕ ಅಡ್ಡಾಡ್ತಿ" ಅಂತ ಅತ್ತಿಗೆ ಹೇಳಿದ್ದು ನಾನೇ. ಬಿಸಲಿನ ಚಿಂತಿ ಅಲ್ಲ, ಆಕಿ ಬಾಯಿ ಚಿಂತಿ.

ಆ ಸಲ ಸಿಕ್ಕಿದ್ದು ಈಗ ನಾವಿರೋ ಮನಿ. ಸ್ಟೇಶನ್ ಹಿಂದಿನ ಕಾಲೋನಿ, ಅಗಲ ರಸ್ತಾ, ಬೋರಿನ ನೀರು, ದವಾಖಾನಿಗೆ ನಡಕೋಂತ ಹೋಗಿ ಬರಬಹುದು. ಮ್ಯಾಲಿನ ಅಂತಸ್ತು ಬಾಡಿಗಿಗೆ, ಕೆಳಗ ಮಾಲಕರು. ಮುಸಲ್ಮಾನರು, ಬಜಾರದಾಗ ಪಾತ್ರಿ ಅಂಗಡಿ ಇಟ್ಟಾರ. ಗಂಡ ಅಂಗಡ್ಯಾಗ ಇರ್ತಾನ, ಮನ್ಯಾಗ ಎಲ್ಲಾ ಆ ಅಮ್ಮಂದೇ ಕಾರಭಾರ. ನಮ್ಮ ಅತ್ತಿಗಿಂತ ಒಂದಿಷ್ಟು ಸಣ್ಣಾಕಿ. ಮನ್ಯಾಗ ಉರ್ದು, ನನ್ನ ಕೂಡ ಕನ್ನಡ, ಎರಡೂ ಒಂದೇ ಜೋರಿನ್ಯಾಗ. ಎಲ್ಲಾ ಕ್ವಾಣಿ ತೋರಿಸಿ, ಅಡಗಿ ಮನ್ಯಾಗ ನಿಂತು, ಮಾಲಕಿ ಮಾತು ತಗದ್ಲು. "ಹಿಂದಿನವರು ಇದ್ರಲ್ಲ, ದಿನಾ ಮುಂಜಾನಿ ಇಲ್ಲೇ ಕುಂತು ರೊಟ್ಟಿ ಬಡೀತಿದ್ರು. ಕೆಳಗ ನಮ್ಮ ಮನ್ಯಾಗೆಲ್ಲಾ ಕೇಳ್ತಿತ್ತು..."

ನಾ ಆಕಿಗೆ ಮುಂದ ಮಾತಾಡಗೊಡಲಿಲ್ಲ. "ಅಯ್ಯ, ನಮ್ಮದು ಆ ತ್ರಾಸ ಇಲ್ರಿ. ನಾವು ಚಪಾತಿ ಮಂದಿ. ನಮ್ಮ ಅತ್ತಿಗೆ ರೊಟ್ಟಿ ಬಡಿಯಾಕ ಬರಂಗೇ ಇಲ್ಲ."

ಆಕಿ ಒಂದು ಗಳಿಗಿ ನನ್ನ ನೋಡಿ, "ಅಚ್ಛಾ" ಅಂದ್ಲು. ಸಂಜೀಗೆ ಕೀಲಿ ನನ್ನ ಕೈಯಾಗ ಇತ್ತು.

ಮನಿಗೆ ಬಂದು ಅತ್ತಿಗೆ ಹೇಳಿದ್ದು ಬ್ಯಾರೆ. "ಮನಿ ಛಲೋ ಅದ. ಖರೆ, ಮಾಲಕಿ ರೊಟ್ಟಿ ಬಡಿಯಬ್ಯಾಡ್ರಿ ಅಂದಾಳ."

"ಆಕಿನೂ ಹಂಗೇ ಏನು?" ಅಂದ್ಲು ಅತ್ತಿ. "ಮತ್ತ ಆ ಕ್ವಾಟಿ ಕೆಳಗಿನ ಮನಿ?"

"ಅದು ದವಾಖಾನಿಗೆ ಭಾಳ ದೂರ ಆಗ್ತದ."

"ಹ್ಞೂಂ. ನೌಕರಿ ನಿಂದು, ನಡಿಯೋ ಕಾಲು ನಿನ್ನವು" ಅಂದು ಎದ್ದು ಹೋದ್ಲು. ಸಾಮಾನು ಕಟ್ಟೋ ದಿನ ರೊಟ್ಟಿ ಹಲಗಿ ಎದುರು ಮನ್ಯಾಕಿಗೆ ಕೊಟ್ಟಳು. ಓಣಿ ಹೆಣ್ಮಕ್ಕಳು ಅಳಾಕತ್ತಿದ್ರು, ಇಕಿ ಅವರಿಗೆ ಬೈಯಾಕತ್ತಿದ್ಲು, "ನಾ ಏನು ಸತ್ತೀನೇನು, ಯಾದಗಿರಿಗೆ ಹೊಂಟೀನಿ" ಅಂತ.

ಹೊಸಾ ಮನ್ಯಾಗ ಚಪಾತಿ ಶುರು ಆತು. ಲಟ್ಟಣಿಗಿ ಹಿಡಿದ್ರ ಆಕಿಗೆ ಕೈಯೇ ಓಡ್ತಿರಲಿಲ್ಲ. ಆಕಿ ಲಟ್ಟಿಸಿದ ಚಪಾತಿ ಯಾವ ದೇಶದ ನಕಾಶಿ ಅಂತ ನಾ ಚ್ಯಾಷ್ಟಿ ಮಾಡ್ತಿದ್ದೆ, ಆಕಿನೂ ನಗ್ತಿದ್ಲು. ಖಾನಾವಳಿ ಕಡೀಲಿಂದ ಒಣಗಿದ ಕಟಕ್ ರೊಟ್ಟಿ ತಂದು ಕೊಟ್ಟೆ. ಒಂದು ತುಣುಕು ಮುರಿದು ಬಾಯಾಗ ಹಾಕ್ಕೊಂಡು, "ಯಾವ ಪಾಪಿ ಮಾಡ್ಯಾಳ ಇದನ್ನ" ಅಂದು ತಾಟು ಸರಿಸಿದ್ಲು. ಮುಂಜಾನಿ ಮಾತ್ರ ಎಂದಿನ ಹೊತ್ತಿಗೇ ಏಳ್ತಿದ್ಲು. ಎದ್ದು ಏನು ಮಾಡಬೇಕು? ಅಡಗಿ ಮನ್ಯಾಗ ಚಾಪಿ ಮ್ಯಾಲ ಕೈ ಉಡ್ಯಾಗ ಇಟ್ಟಕೊಂಡು ಸುಮ್ಮನ ಕುಂತಿರ್ತಿದ್ಲು. ನಾ ನೀರು ಕುಡಿಯಾಕ ಎದ್ದಾಗ ನೋಡೀನಿ. ನೋಡಿ, ಹೊಳ್ಳಿ ಬಂದು ಮಲಗೀನಿ.

ಇಲ್ಲಿ ಒಂದು ಮಾತು ಹೇಳದಿದ್ರ ನನ್ನ ಮನಸಿಗೆ ಸಮಾಧಾನ ಆಗಂಗಿಲ್ಲ. ನನಗ ಅದು ಹಿತ ಆಗಿತ್ತು. ಮುಂಜಾನಿ ಆ ಸಪ್ಪಳ ಇಲ್ಲ, ಪಾತ್ರಿ ಪಗಡ ಮ್ಯಾಲೆಲ್ಲಾ ಹಿಟ್ಟು ಹಾರಿ ಕುಂಡ್ರಂಗಿಲ್ಲ, ಮನಿಗೆ ಬಂದ ಲ್ಯಾಬಿನ ಗೆಳತ್ಯಾರು "ಎಷ್ಟು ನೀಟಾಗಿ ಇಟ್ಟೀರಿ" ಅಂತಾರ. ಮನಿ ಕೈ ತಪ್ಪಬಾರದು ಅಂತ ಮಾಲಕಿ ಮುಂದ ಆ ಮಾತು ಆಡಿದ್ದು ಅರ್ಧ ಖರೆ. ಇನ್ನರ್ಧ ಏನಂದ್ರ, ರೊಟ್ಟಿ ಬಡಿಯೋದು ನಿಲ್ಲೋದು ನನಗೇ ಬೇಕಾಗಿತ್ತು. ಸುಮ್ಮನ ಕುಂತ ಅತ್ತಿನ್ನ ನೋಡಿದಾಗೆಲ್ಲಾ ತಪ್ಪು ಮಾಡೀನಿ ಅನಿಸ್ತಿತ್ತು. ಅನಿಸಿದ್ರೂ ನಿದ್ದಿ ಬರ್ತಿತ್ತು.

ಮಾಲಕಿ ಮ್ಯಾಲ ಅತ್ತಿಗೆ ಮೊದಮೊದಲು ಸಿಟ್ಟಿತ್ತು. ಕೆಳಗಿಂದ ಆಕಿ ದನಿ ಕೇಳಿದ್ರ ಮೂಗು ಮುರೀತಿದ್ಲು, "ರೊಟ್ಟಿ ಸಪ್ಪಳ ಆಗಂಗಿಲ್ಲಂತ, ತನ್ನ ಸಪ್ಪಳ ನೋಡು" ಅಂತ. ಆದ್ರ ಅತ್ತಿ ಎಷ್ಟು ದಿನ ಮಾತಿಲ್ಲದೆ ಇದ್ದಾಳು. ಮಾಳಿಗಿ ಮ್ಯಾಲ ಖಾರದಪುಡಿಗೆ ಮೆಣಸಿನಕಾಯಿ ಒಣಗ ಹಾಕಾಕ ಹೋದಾಗ ಇಬ್ಬರಿಗೂ ಮಾತು ಹತ್ತಿತು. ಆಮ್ಯಾಲ ದಿನಾ ಸಂಜಿ ಮಗ್ರಿಬ್ ನಮಾಜ್ ಮುಗಿಸಿ ಮಾಲಕಿ ಮೆಟ್ಟಲಾ ಮ್ಯಾಲ ಬಂದು ಕುಂಡ್ರೋದು, ಅತ್ತಿ ಇಳಿದು ಹೋಗೋದು. ಆಕಿ ಇಕಿಗೆ ಅಕ್ಕಾ, ಇಕಿ ಆಕಿಗೆ ಬೀಬಿ. ಇಬ್ಬರೂ ಕೂಡಿ ಕಾಲೋನಿ ಮಂದಿನ್ನ ಒಬ್ಬೊಬ್ಬರನ್ನಾಗಿ ಮಾತಿನ್ಯಾಗ ಹರೀತಿದ್ರು. ರೊಟ್ಟಿ ಸುದ್ದಿ ಮಾತ್ರ ಅತ್ತಿ ತಗೀತಿರಲಿಲ್ಲ. ಕಾಯಿದೆ ಮಾಡಿದಾಕಿ ಮುಂದ ಬೇಡಿಕೊಂಡಂಗ ಆಗ್ತದ ಅಂತ ಆಕಿ ಹಟ. ಅದೇ ಹಟಾನೇ ನನ್ನ ಕಾಯ್ತಿತ್ತು.

ಒಂದಿನ ನಾ ದವಾಖಾನ್ಯಾಗಿಂದ ಬಂದು ಗೇಟು ತಗದಾಗ ಇಬ್ಬರೂ ಮೆಟ್ಟಲಾ ಮ್ಯಾಲ ಇದ್ರು. ಮಾಲಕಿ ನಗ್ತಾ ಅತ್ತಿಗೆ ಕೇಳಾಕತ್ತಿದ್ಲು. "ಅಲ್ಲ ಅಕ್ಕಾ, ನನಗೊಂದು ತಿಳಿಯಂಗಿಲ್ಲ. ದೇವಾಪುರದಾಕಿ ನೀ, ಕೃಷ್ಣಾ ದಂಡಿ ಜೋಳ ತಿಂದು ಬೆಳೆದಾಕಿ, ನಿನಗ ರೊಟ್ಟಿ ಬರಂಗಿಲ್ಲ ಅಂದ್ರ ಹೆಂಗ? ಹಿಂದಿನವರು ಬಡೀತಿದ್ರು. ನಸುಕಿನ ಫಜರ್ ನಮಾಜ್ ಮುಗಿಸಿ ಆ ಸಪ್ಪಳ ಕೇಳಿಕೋಂತ ನಾ ಚಹಾಕ್ಕ ಇಡ್ತಿದ್ದೆ. ಅವರು ಬಿಟ್ಟು ಹೋದಮ್ಯಾಲ ಮುಂಜಾನಿ ಮನಿ ಬಿಕೋ ಅಂತದ. ನೀವೂ ಬಡೀತೀರೇನು ಅಂತ ಅವತ್ತೇ ಕೇಳ್ಬೇಕು ಅನ್ನೋದ್ರೊಳಗ ನಿನ್ನ ಸೊಸಿ, ನಾವು ಚಪಾತಿ ಮಂದಿ, ಅತ್ತಿಗೆ ಬರಂಗೇ ಇಲ್ಲ ಅಂದುಬಿಟ್ಟಳು."

ಅತ್ತಿ ನನ್ನ ಕಡಿ ನೋಡಿದ್ಲು. ನಾ ಗೇಟಿನ ಚಿಲಕ ಹಿಡಕೊಂಡು ಹಂಗೇ ನಿಂತಿದ್ದೆ. ಆಕಿ ಬಾಯಿ ಬಿಟ್ಟರ ನಾ ಆ ಅಂಗಳದಾಗೇ ಮಣ್ಣುಪಾಲು. ಹತ್ತು ಮಂದಿ ಮುಂದ ಬೈದ ಬಾಯಿ ಅದು, ನನಗ ಗೊತ್ತಿತ್ತು. ಬೈದರ ಬೈಯಲಿ, ಅದು ನನಗ ಬರಬೇಕಾದದ್ದೇ ಅನಿಸಿತು.

"ಬರ್ತದ ಬೀಬಿ, ಯಾಕ ಬರಂಗಿಲ್ಲ" ಅಂದ್ಲು ಅತ್ತಿ, ಸಾವಕಾಶ. "ಕೈ ಹೋಗ್ಯಾದ. ಈ ಬಲಗೈ ಮಣಿಕಟ್ಟು. ಬಡಿದ್ರ ಜೀವ ಹೋದಂಗ ಆಗ್ತದ. ನಮ್ಮತ್ತಿ ಕೈಲೆ ಆಗಂಗಿಲ್ಲ ಅಂತ ಹೊಸಾಬರ ಮುಂದ ಹೆಂಗ ಹೇಳ್ತಾಳ ಇಕಿ? ಅದಕ್ಕ ಬರಂಗೇ ಇಲ್ಲ ಅಂದಾಳ. ನನ್ನ ಮರ್ಯಾದಿ ಕಾದಾಳ."

ಮಾಲಕಿ ಗಡಬಡಿಸಿ ಅತ್ತಿ ಬಲಗೈ ತನ್ನ ಎರಡೂ ಕೈಯಾಗ ತಗೊಂಡ್ಲು. ಆಮ್ಯಾಲ ನನ್ನ ಕಡಿ ತಿರುಗಿ ಝಾಡಿಸಿದ್ಲು. "ಏನ್ ಹುಡುಗಿ ಇದ್ದಿ ನೀ? ದವಾಖಾನ್ಯಾಗ ಊರ ಮಂದಿ ರಕ್ತ ನೋಡ್ತಿ, ಮನ್ಯಾಗಿನ ಕೈ ಕಾಣಂಗಿಲ್ಲೇನು? ಒಬ್ಬ ಡಾಕ್ಟರಗ ತೋರಿಸಬಾರದೇನು?"

"ತೋರಿಸ್ತೀನ್ರಿ" ಅಂದೆ.

ಮ್ಯಾಲ ಬಂದ ಮ್ಯಾಲ ಅತ್ತಿ ನನ್ನ ಕೂಡ ಮಾತು ಬಿಟ್ಲು. ಆಕಿ ಮಾತು ಬಿಟ್ಟದ್ದು ನಾ ಮದುವಿ ಆಗಿ ಬಂದಾಗಿಂದ ಅದೇ ಮೊದಲು. ಬೈಯೋ ಅತ್ತಿ ಕೂಡ ನಾ ಬದುಕಬಲ್ಲೆ, ಈ ಮೂಕ ಅತ್ತಿ ಕೂಡ ಆಗಲಿಲ್ಲ. ತಾಟು ಇಡ್ತಿದ್ಲು, ತಾನು ಆಕಡಿ ತಿರುಗಿ ಉಣ್ತಿದ್ಲು. ಕಡೀಕ ನಾನೇ ಆಕಿ ಮುಂದ ಹೋಗಿ ಕುಂತೆ. "ಬೈ ಅತ್ತಿ. ಏನರೆ ಅನ್ನು."

"ನನ್ನ ರೊಟ್ಟಿಗೆ ನಾಚಿಕಿ ಬಂತೇನು ನಿನಗ?"

"ಇಲ್ಲ, ಮನಿ ಕೈ ತಪ್ಪತದ ಅಂತ..."

"ಮನಿ ಸಿಕ್ತು. ಆಮ್ಯಾಲ?"

ಆಮ್ಯಾಲ ಅನ್ನೋದಕ್ಕ ನನ್ನ ಹಂತ್ಯಾಕ ಉತ್ತರ ಇತ್ತು, ಅದನ್ನ ಆಕಿ ಮಾರಿ ನೋಡಿ ಹೇಳೋ ಧೈರ್ಯ ಇರಲಿಲ್ಲ. "ಹೌದು ಅತ್ತಿ, ನಾಚಿಕಿ ಬಂದಿತ್ತು" ಅಂತ ನೆಲ ನೋಡಿ ಅಂದೆ. ಅಳು ಬಂತು. ಆಕಿ ಸಮಾಧಾನ ಮಾಡಲಿಲ್ಲ. ಮಾಡಬಾರದಿತ್ತು, ಮಾಡಲಿಲ್ಲ.

ಕ್ವಾಟಿ ಕೆಳಗಿನ ಮನಿ ಇನ್ನೂ ಖಾಲಿ ಇದ್ರ ಅಲ್ಲಿಗೇ ಹೋಗೋಣ ಅಂದೆ, ಗಟಾರ ಇರಲಿ, ಹಂದಿ ಇರಲಿ, ದೂರ ಇರಲಿ, ನಾ ನಡೀತೀನಿ. ಅತ್ತಿ ತಲಿ ಅಲ್ಲಾಡಿಸಿದ್ಲು. "ಒಂದು ಓಣಿ ಬಿಟ್ಟು ಬಂದೀನಿ. ಇಲ್ಲಿ ಒಬ್ಬಾಕಿ ಸಿಕ್ಕಾಳ. ಆಕಿನ್ನೂ ಬಿಡು ಅಂತೀಯೇನು?"

"ಹಂಗಾದ್ರ ನಾನೇ ಕೆಳಗ ಹೋಗಿ ಖರೆ ಹೇಳಿಬಿಡ್ತೀನಿ."

"ಹೇಳು. ಹೇಳಿದ್ರ ನೀ ಸುಳ್ಳಿ ಆದಿ, ನಿನ್ನ ಹಿಂದ ನಾನೂ ಸುಳ್ಳಿ ಆದೆ. ಆಕಿ ಕಣ್ಣಾಗ ಕಣ್ಣಿಟ್ಟು ಹೇಳೀನಿ ನಾ. ನಾಳೆ ಆ ಮೆಟ್ಟಲಾ ಮ್ಯಾಲ ಹೆಂಗ ಕುಂಡ್ರಲಿ?" ಅಂದ್ಲು. ಒಂದಿಷ್ಟು ದಿನ ಬಿಟ್ಟು ಕೈ ಆರಾಮ ಆತು ಅಂತ ಹೇಳಿದ್ರಾತು ಅಂದೆ. "ಈಗ ಆಗಂಗಿಲ್ಲ. ಆಕಿ ಭಾಳ ಹಚ್ಚಿಕೊಂಡಾಳ" ಅಂದ್ಲು.

ಹಚ್ಚಿಕೊಂಡದ್ದು ಖರೇನೇ. ಮರುದಿನದಿಂದ ಕೆಳಗಿನ ಮನ್ಯಾಗಿಂದ ಮುಂಜಾನಿ ಬಿಸಿ ರೊಟ್ಟಿ ಮ್ಯಾಲ ಬರಾಕ ಶುರು ಆದವು. ಮಾಲಕಿ ತಾನೇ ಬಡಿದು, ಅರಿವ್ಯಾಗ ಸುತ್ತಿ, ತಾನೇ ತರ್ತಾಳ. ಆಕಿಗೆ ರೊಟ್ಟಿ ಅಷ್ಟು ಬರಂಗಿಲ್ಲ, ದಪ್ಪ ಆಗ್ತಾವ, ಅಂಚು ಸೀಳ್ತಾವ. ಅತ್ತಿ ಬಾಗಲದಾಗ ನಿಂತು ಎಡಗೈಲೆ ತಗೊಂತಾಳ. "ಛಲೋ ಆಗ್ಯಾವ ಬೀಬಿ" ಅಂತಾಳ. ಹೊರಗ ಯಾರ ರೊಟ್ಟಿನೂ ಬಾಯಾಗ ಇಡದಾಕಿ, ಆ ದಪ್ಪ ರೊಟ್ಟಿನ್ನ ಒಂದು ಮಾತಾಡದೆ ಉಣ್ತಾಳ. ನಾನೂ ಉಣ್ತೀನಿ. ಕೆಳಗಿಂದ ಥಪ್ ಥಪ್ ಕೇಳಿಸಾಕತ್ತಿದ್ರ ಅತ್ತಿ ಬೆರಳು ಉಡ್ಯಾಗ ತಾವೇ ಮಿಡುಕ್ತಾವ. ಅದನ್ನ ನೋಡೋದು ಆಗಂಗಿಲ್ಲಂತ ಈಗ ನಾ ಆ ಹೊತ್ತಿಗೆ ಸ್ನಾನಕ್ಕ ಹೋಗ್ತೀನಿ.

ಮಾಲಕಿ ಬ್ಯಾನಿ ಎಣ್ಣಿ ತಂದು ಕೊಟ್ಲು. ಎಲುಬಿನ ಡಾಕ್ಟರ್ ಏನಂದ್ರು ಅಂತ ನನ್ನ ಕಂಡಾಗೆಲ್ಲಾ ಕೇಳ್ತಾಳ. ಪಟ್ಟಿ ಕಟ್ಟಿಕೊಂಡು ಕೈಗೆ ಆರಾಮ ಕೊಡ್ರಿ ಅಂದಾರ ಅಂತ ಒಂದಿನ ಅಂದುಬಿಟ್ಟೆ. ಆವತ್ತು ಸಂಜಿ ಅತ್ತಿ, "ನೀನೇ ಹೇಳೀದಿ, ಪಟ್ಟಿ ತಗೊಂಬಾ" ಅಂದ್ಲು. ಮೆಡಿಕಲ್ ಅಂಗಡ್ಯಾಗ ಒಂದು ಕ್ರೇಪ್ ಪಟ್ಟಿ ತಂದೆ.

ಅತ್ತಿ ಬೀಬಿ ಹಂತ್ಯಾಕ ಇಳಿಯೋ ಹೊತ್ತಾಗಿತ್ತು. ಚಾಪಿ ಮ್ಯಾಲ ಕುಂತು ಬಲಗೈ ಮುಂದ ಚಾಚಿದ್ಲು. ನಾ ಆ ಕೈ ಹಿಡಿದು ಭಾಳ ದಿನ ಆಗಿತ್ತು. ಮೊದಲು ಅಂಗೈ ಬುಡಕ್ಕ ಎಷ್ಟು ಗಡಸು ಚರ್ಮ ಇತ್ತು ಅಂದ್ರ, ಬಿಸಿ ಹಂಚು ಮುಟ್ಟಿದ್ರೂ ಆಕಿಗೆ ತಿಳೀತಿರಲಿಲ್ಲ. ಅದೆಲ್ಲಾ ಸುಲಿದು ಹೋಗಿ ಕೆಳಗ ಹೊಸಾ ತೊಗಲು ಬಂದಿತ್ತು, ಮೆತ್ತಗ, ನನ್ನ ಅಂಗೈಯಂಗ. ಏನೂ ಆಗದ ಕೈ ಅದು. ನಾ ಪಟ್ಟಿ ಸುತ್ತಾಕ ಶುರು ಮಾಡಿದೆ, ಆಕಿಗೆ ಒತ್ತಬಾರದು ಅಂತ ಹಗೂರ, ಒಂದರ ಮ್ಯಾಲೊಂದು.

ಅತ್ತಿ ಕೈ ತಿರುವಿ ನೋಡಿದ್ಲು. "ಇಷ್ಟು ಸಡ್ಲ ಕಟ್ಟಿದ್ರ ಹೆಂಗ? ಆಕಿಗೆ ಗೊತ್ತಾಗ್ತದ. ಬಿಚ್ಚಿ ಬಿಗಿ ಕಟ್ಟು" ಅಂದ್ಲು.

ನಾ ಬಿಚ್ಚಿ ಬಿಗಿ ಕಟ್ಟಿದೆ.